ಯೋಜನೆಗೆ ಹಣವುಂಟು, ಸಂಸ್ಥೆಗಿಲ್ಲ

2024ರ ಜುಲೈನಲ್ಲಿ ಕರ್ನಾಟಕ ಸರ್ಕಾರ ಮತ್ತು ಅಜೀಂ ಪ್ರೇಮ್‌ಜಿ ಫೌಂಡೇಶನ್ ನಡುವೆ ಒಂದು ಒಪ್ಪಂದವಾಯಿತು. ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ಮಕ್ಕಳಿಗೆ ಸರ್ಕಾರ ವಾರದಲ್ಲಿ ಎರಡು ದಿನ ಕೊಡುತ್ತಿದ್ದ ಮೊಟ್ಟೆಯನ್ನು ಆರು ದಿನಕ್ಕೆ ಹೆಚ್ಚಿಸುವುದು, ಹೆಚ್ಚುವರಿ ನಾಲ್ಕು ದಿನಗಳ ಖರ್ಚನ್ನು ಮೂರು ವರ್ಷ ಫೌಂಡೇಶನ್ ಭರಿಸುವುದು ಅದರ ತಿರುಳು. ಮೊತ್ತ ಸುಮಾರು 1,500 ಕೋಟಿ ರೂಪಾಯಿ. ಫಲಾನುಭವಿಗಳು 50 ಲಕ್ಷಕ್ಕೂ ಹೆಚ್ಚು ಮಕ್ಕಳು. ಮೊಟ್ಟೆ ತಿನ್ನದ ಮಕ್ಕಳಿಗೆ ಬಾಳೆಹಣ್ಣು ಅಥವಾ ಶೇಂಗಾ ಚಿಕ್ಕಿ. ದಾನಿಯೊಬ್ಬರು ಹೊಸ ಶಾಲೆ ಕಟ್ಟದೆ, ಹೊಸ ಅಡುಗೆಮನೆ ತೆರೆಯದೆ, ಈಗಾಗಲೇ ನಡೆಯುತ್ತಿರುವ ಸರ್ಕಾರಿ ವ್ಯವಸ್ಥೆಯ ಬೆನ್ನಿಗೆ ನಿಂತು ಅದರ ಫಲವನ್ನು ಹಿಗ್ಗಿಸುವ ಈ ಬಗೆಯ ಕೊಡುಗೆಯನ್ನು ಕಾರ್ಯತಂತ್ರದ ದಾನ ಎನ್ನುತ್ತಾರೆ. ಗುರಿ ಸ್ಪಷ್ಟ, ಫಲ ಎಣಿಕೆಗೆ ಸಿಗುವಂಥದ್ದು, ಖರ್ಚಿನ ಲೆಕ್ಕ ಮೊಟ್ಟೆಮೊಟ್ಟೆಗೂ ಇಡಬಹುದಾದದ್ದು.

ಆದರೆ ಜಾರಿಯ ಹಂತದಲ್ಲಿ ಒಂದು ಸಣ್ಣ ತಕರಾರು ಎದ್ದಿತು. ಒಂದು ಮೊಟ್ಟೆಗೆ ನಿಗದಿಯಾದ 6 ರೂಪಾಯಿಯಲ್ಲಿ ಖರೀದಿಯ ಜೊತೆಗೆ ಸಾಗಣೆ, ಬೇಯಿಸುವ ಇಂಧನ, ಸಿಪ್ಪೆ ಸುಲಿಯುವ ಕೂಲಿ ಎಲ್ಲವೂ ಸೇರಬೇಕಿತ್ತು. ಮಾರುಕಟ್ಟೆಯಲ್ಲಿ ದರ ಏರಿದಾಗ ವ್ಯತ್ಯಾಸವನ್ನು ತುಂಬಿಕೊಡುವ ಹೊಣೆ ಮುಖ್ಯ ಶಿಕ್ಷಕರ ಜೇಬಿಗೆ ಬಿತ್ತೆಂದು ರಾಜ್ಯದ ಹಲವೆಡೆಗಳಿಂದ ದೂರುಗಳು ಬಂದವು. ಸಾವಿರಾರು ಕೋಟಿಯ ಲೆಕ್ಕದಲ್ಲಿ ಇದು ಪೈಸೆಗಳ ಮಾತು. ಆದರೂ ದಾನದ ಅರ್ಥಶಾಸ್ತ್ರದಲ್ಲಿ ಇಂದು ನಡೆದಿರುವ ಬಹು ದೊಡ್ಡ ಚರ್ಚೆ ಈ ಪೈಸೆಗಳ ಕುರಿತೇ ಆಗಿದೆ. ಮೊಟ್ಟೆಗೆ ಹಣ ಕೊಡುವವರು ಸಿಗುತ್ತಾರೆ. ಅದನ್ನು ಮಗುವಿನ ತಟ್ಟೆಗೆ ತಲುಪಿಸುವ ಕೆಲಸಕ್ಕೆ, ಆ ಕೆಲಸ ಮಾಡುವವರ ಸಂಬಳಕ್ಕೆ, ಲೆಕ್ಕ ಬರೆಯುವವರಿಗೆ, ಕಚೇರಿಯ ಬಾಡಿಗೆಗೆ ಹಣ ಕೊಡುವವರು ಸಿಗುವುದಿಲ್ಲ. ಶಾಲೆಯ ವಿಷಯದಲ್ಲಿ ಕೊನೆಗೆ ಸರ್ಕಾರವೆಂಬುದೊಂದು ಇರುತ್ತದೆ. ಸ್ವಯಂಸೇವಾ ಸಂಸ್ಥೆಗಳಿಗೆ ಆ ಆಸರೆಯೂ ಇಲ್ಲ.

ಕಾರ್ಯತಂತ್ರದ ದಾನವೆಂಬ ವಿಚಾರ ಈಗಿನ ರೂಪ ಪಡೆದದ್ದು ಅಮೆರಿಕದಲ್ಲಿ. ರಾಕ್‌ಫೆಲರ್ ಫೌಂಡೇಶನ್ (1913), ಫೋರ್ಡ್ ಫೌಂಡೇಶನ್ (1936) ಮುಂತಾದವು ಬಡವನಿಗೆ ಊಟ ಹಾಕುವುದಕ್ಕಿಂತ ಬಡತನದ ಕಾರಣವನ್ನೇ ಕೀಳಬೇಕೆಂಬ ನಿಲುವಿನಿಂದ ಹೊರಟವು. ಭಾರತದ ಹಸಿರು ಕ್ರಾಂತಿಯ ಹಿಂದಿನ ಸಂಶೋಧನೆಗೂ ಈ ಎರಡು ಸಂಸ್ಥೆಗಳ ಹಣ ಹರಿದಿದೆ. 1990ರ ದಶಕದ ಕೊನೆಗೆ ತಂತ್ರಜ್ಞಾನ ಉದ್ಯಮದಲ್ಲಿ ಸಂಪತ್ತು ಗಳಿಸಿದ ಹೊಸ ಪೀಳಿಗೆಯ ದಾನಿಗಳು ಬಂದ ಮೇಲೆ ಈ ವಿಚಾರಕ್ಕೆ ವ್ಯವಹಾರಶಾಸ್ತ್ರದ ಭಾಷೆ ಅಂಟಿಕೊಂಡಿತು. ದಾನವನ್ನು ಹೂಡಿಕೆಯೆಂದೂ ಅದರ ಫಲವನ್ನು ಪ್ರತಿಫಲವೆಂದೂ ಕರೆಯುವುದು, ಮೊದಲೇ ಗುರಿಗಳನ್ನು ನಿಗದಿ ಮಾಡಿ ಮೂರು ತಿಂಗಳಿಗೊಮ್ಮೆ ಅಳೆಯುವುದು, ಹಣ ಪಡೆಯುವ ಸಂಸ್ಥೆಯನ್ನು ಗುತ್ತಿಗೆದಾರನಂತೆ ಕಾಣುವುದು ವಾಡಿಕೆಯಾಯಿತು. ಬೆಂಗಳೂರು ಇದೇ ಉದ್ಯಮದ ಊರಾದ್ದರಿಂದ ಈ ಭಾಷೆ ನಮ್ಮಲ್ಲಿಗೆ ಬೇಗ ಬಂತು, ಗಟ್ಟಿಯಾಗಿಯೂ ನಿಂತಿತು.

ಅದರ ಲಾಭಗಳನ್ನು ಅಲ್ಲಗಳೆಯಲಾಗದು. ಹಣ ಎಲ್ಲಿ ಹೋಯಿತು, ಏನಾಯಿತು ಎಂದು ಕೇಳುವ ಹಕ್ಕು ದಾನಿಗಿದೆ. ಕೇಳದಿದ್ದ ಕಾಲದಲ್ಲಿ ಆದ ಪೋಲು ಸಣ್ಣದಲ್ಲ. ಸಮಸ್ಯೆ ಹುಟ್ಟುವುದು, ತಂತ್ರ ರೂಪಿಸುವ ಬುದ್ಧಿಯೆಲ್ಲ ದಾನಿಯ ಕಚೇರಿಯಲ್ಲಿದೆ, ಸಂಸ್ಥೆಯದು ಕೇವಲ ಕೈಗಳು ಎಂಬ ಭಾವನೆ ಬೆಳೆದಾಗ. ಅಮೆರಿಕದಲ್ಲಿ ಈ ಪಂಥವನ್ನು ಪ್ರಚುರಪಡಿಸಿದವರಲ್ಲಿ ಪ್ರಮುಖರಾದ ಹಾಲ್ ಹಾರ್ವೆ ಅವರೇ 2016ರಲ್ಲಿ, ತಾವು ಅದನ್ನು ಅಷ್ಟು ಒತ್ತಿ ಹೇಳಿದ್ದಕ್ಕೆ ಬಹಿರಂಗವಾಗಿ ವಿಷಾದ ವ್ಯಕ್ತಪಡಿಸಿದರು. ಗೇಟ್ಸ್ ಫೌಂಡೇಶನ್ ಕೆಲವು ಅಮೆರಿಕನ್ ಶಾಲಾ ಜಿಲ್ಲೆಗಳಲ್ಲಿ ಶಿಕ್ಷಕರ ಮೌಲ್ಯಮಾಪನವನ್ನು ಬದಲಿಸಲು ಕೈಗೊಂಡ ಕಾರ್ಯಕ್ರಮ ಇನ್ನೊಂದು ಪಾಠ. ಅದರ ಒಟ್ಟು ವೆಚ್ಚ 57.5 ಕೋಟಿ ಡಾಲರ್; ಅದರಲ್ಲಿ ಫೌಂಡೇಶನ್ನಿನ ಪಾಲು 21.2 ಕೋಟಿ. ಮಿಕ್ಕದ್ದರಲ್ಲಿ ಬಹುಪಾಲು ಸಾರ್ವಜನಿಕರ ಹಣ. 2018ರಲ್ಲಿ ರಾಂಡ್ ಸಂಸ್ಥೆಯ ಮೌಲ್ಯಮಾಪನ ಹೊರಬಂದಾಗ, ವಿದ್ಯಾರ್ಥಿಗಳ ಕಲಿಕೆಯಲ್ಲಿ ನಿರೀಕ್ಷಿಸಿದ ಸುಧಾರಣೆ ಆಗಿಲ್ಲವೆಂದು ತಿಳಿಯಿತು. ತಂತ್ರ ತಪ್ಪಿದಾಗ ದಾನಿಗೆ ಆಗುವ ನಷ್ಟ ಕಡಿಮೆ. ಆ ತಂತ್ರಕ್ಕೆ ತಮ್ಮ ವ್ಯವಸ್ಥೆಯನ್ನೆಲ್ಲ ತಿರುಗಿಸಿಕೊಂಡ ಶಾಲೆಗಳ ನಷ್ಟಕ್ಕೆ ಲೆಕ್ಕವಿಡುವವರಿಲ್ಲ.

ನಮ್ಮಲ್ಲಿ ಇದು ದಿನನಿತ್ಯದ ಮಟ್ಟದಲ್ಲಿ ಹೇಗೆ ಕಾಣುತ್ತದೆ ಎಂಬುದಕ್ಕೆ ಒಂದು ಕಲ್ಪಿತ ಲೆಕ್ಕವನ್ನು ತೆಗೆದುಕೊಳ್ಳೋಣ. ತಾಲ್ಲೂಕೊಂದರಲ್ಲಿ ಶಾಲೆ ಬಿಟ್ಟ ಹೆಣ್ಣುಮಕ್ಕಳನ್ನು ಮರಳಿ ಕರೆತರುವ ಸಂಸ್ಥೆಗೆ ಕಂಪನಿಯೊಂದು ವರ್ಷಕ್ಕೆ 40 ಲಕ್ಷ ರೂಪಾಯಿ ಮಂಜೂರು ಮಾಡಿದೆ ಎನ್ನೋಣ. ಕ್ಷೇತ್ರ ಕಾರ್ಯಕರ್ತೆಯರ ಗೌರವಧನ, ಪುಸ್ತಕ, ಸೈಕಲ್, ತರಬೇತಿ ಶಿಬಿರ ಇವೆಲ್ಲ ಬಜೆಟ್ಟಿನಲ್ಲಿವೆ. ಆದರೆ ಆ ಕಾರ್ಯಕರ್ತೆಯರನ್ನು ಆಯ್ಕೆ ಮಾಡುವವರು ಯಾರು, ಕಂಪನಿ ಕೇಳುವ ವರದಿಗಳನ್ನು ಬರೆಯುವವರು ಯಾರು, ಪ್ರತಿ ದಾನಿಗೂ ಬೇರೆ ಬೇರೆ ನಮೂನೆಯಲ್ಲಿ ಬಳಕೆ ಪ್ರಮಾಣಪತ್ರ ಸಿದ್ಧಪಡಿಸುವ ಲೆಕ್ಕಿಗನಿಗೆ ಸಂಬಳ ಎಲ್ಲಿಂದ, ಆಡಿಟರ್ ಶುಲ್ಕ ಎಲ್ಲಿಂದ, ಕಂಪ್ಯೂಟರ್ ಕೆಟ್ಟರೆ ಯಾರು ಕೊಡುತ್ತಾರೆ, ಎರಡು ಯೋಜನೆಗಳ ನಡುವಿನ ನಾಲ್ಕು ತಿಂಗಳು ಈ ತಂಡ ಏನು ತಿನ್ನಬೇಕು? ಈ ಯಾವ ಖರ್ಚೂ ಒಂದೇ ಯೋಜನೆಗೆ ನೇರವಾಗಿ ಸೇರಿದ್ದಲ್ಲ. ಎಲ್ಲ ಯೋಜನೆಗಳೂ ನಿಂತಿರುವುದು ಇದರ ಮೇಲೆಯೇ. ಇದಕ್ಕೆ ಪರೋಕ್ಷ ವೆಚ್ಚವೆಂದು ಹೆಸರು. ದಾನಿ ಇದಕ್ಕೆ ಶೇ 5 ಕೊಟ್ಟು, ನಿಜವಾದ ಖರ್ಚು ಶೇ 20 ಆಗಿದ್ದರೆ, ಅಂತಹ ಪ್ರತಿ ಹೊಸ ಯೋಜನೆಯೂ ಸಂಸ್ಥೆಯನ್ನು ಇನ್ನಷ್ಟು ಬಡವಾಗಿಸುತ್ತದೆ. ಹೊರಗಿನಿಂದ ನೋಡುವವರಿಗೆ ಅದು ಬೆಳೆಯುತ್ತಿರುವಂತೆ ಕಾಣುತ್ತದೆ, ಒಳಗೆ ಸೊರಗುತ್ತಿರುತ್ತದೆ.

ಇದು ಬರೀ ಊಹೆಯಲ್ಲ. ಬ್ರಿಡ್ಜ್‌ಸ್ಪ್ಯಾನ್ ಎಂಬ ಸಲಹಾ ಸಂಸ್ಥೆ ಇತರರೊಡಗೂಡಿ 2020ರಲ್ಲಿ ಭಾರತದ 388 ಸ್ವಯಂಸೇವಾ ಸಂಸ್ಥೆಗಳನ್ನು ಸಮೀಕ್ಷೆ ಮಾಡಿದಾಗ, ಪರೋಕ್ಷ ವೆಚ್ಚಕ್ಕೆ ಹಣ ಹೊಂದಿಸಲು ಪರದಾಡುತ್ತಿದ್ದೇವೆ ಎಂದವರು ಶೇ 83. ತುಲನಾತ್ಮಕವಾಗಿ ಒಳ್ಳೆಯ ಹಣಬಲವುಳ್ಳ 40 ಸಂಸ್ಥೆಗಳ ಲೆಕ್ಕಪತ್ರಗಳನ್ನು ಬಿಡಿಸಿ ನೋಡಿದಾಗ ಪರೋಕ್ಷ ವೆಚ್ಚ ಶೇ 5ರಿಂದ ಶೇ 51ರವರೆಗೆ ಹರಡಿತ್ತು. ಮಧ್ಯಾಂಕ, ಅಂದರೆ ಏರಿಕೆಯ ಕ್ರಮದಲ್ಲಿ ಜೋಡಿಸಿದಾಗ ನಟ್ಟನಡುವೆ ಬರುವ ಸಂಖ್ಯೆ, ಶೇ 19. ಹರವು ಇಷ್ಟು ಅಗಲವಿರುವುದು ಗಮನಿಸಬೇಕಾದ ಸಂಗತಿ. ಕಟ್ಟಡ ಕಟ್ಟುವ ಸಂಸ್ಥೆಗೂ ಕಾನೂನು ನೆರವು ನೀಡುವ ಸಂಸ್ಥೆಗೂ ಒಂದೇ ಶೇಕಡಾವಾರು ಮಿತಿ ಹೊಂದುವುದಿಲ್ಲ. ಸಂಶೋಧನೆ ಮಾಡುವ, ಹಕ್ಕುಗಳಿಗಾಗಿ ದುಡಿಯುವ ಸಂಸ್ಥೆಗಳಲ್ಲಿ ಜನರೇ ಕೆಲಸ, ಜನರೇ ಖರ್ಚು.

ಇಷ್ಟು ತಿಳಿದಿದ್ದೂ ಪದ್ಧತಿ ಬದಲಾಗದಿರುವುದಕ್ಕೆ ದಾನಿಗಳ ಮನೋಭಾವವೊಂದೇ ಕಾರಣವಲ್ಲ. ಕಾನೂನು ಅದಕ್ಕೆ ಅಚ್ಚು ಹಾಕಿಕೊಟ್ಟಿದೆ. 2013ರ ಕಂಪನಿಗಳ ಕಾಯ್ದೆಯ 135ನೇ ಸೆಕ್ಷನ್ 2014ರ ಏಪ್ರಿಲ್ 1ರಿಂದ ಜಾರಿಗೆ ಬಂತು. ನಿವ್ವಳ ಮೌಲ್ಯ 500 ಕೋಟಿ, ವಹಿವಾಟು 1,000 ಕೋಟಿ ಅಥವಾ ನಿವ್ವಳ ಲಾಭ 5 ಕೋಟಿ ರೂಪಾಯಿ ಈ ಮೂರರಲ್ಲಿ ಯಾವುದಾದರೊಂದನ್ನು ಮುಟ್ಟಿದ ಕಂಪನಿ, ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ 2ರಷ್ಟನ್ನು ಸಾಮಾಜಿಕ ಹೊಣೆಗಾರಿಕೆಗೆ (ಸಿಎಸ್‌ಆರ್) ವೆಚ್ಚ ಮಾಡಬೇಕು. ಮೊದಲ ವರ್ಷ ಸುಮಾರು 10 ಸಾವಿರ ಕೋಟಿಯಷ್ಟಿದ್ದ ಈ ವೆಚ್ಚ 2022-23ಕ್ಕೆ 30 ಸಾವಿರ ಕೋಟಿಯ ಹತ್ತಿರ ಬಂದಿದೆ. ಹೆಚ್ಚು ಪಡೆಯುವ ರಾಜ್ಯಗಳ ಸಾಲಿನಲ್ಲಿ ಕರ್ನಾಟಕವೂ ಇದೆ. ದೇಶದೊಳಗಿನ ದಾನದ ಹಣಕ್ಕೆ ಇಷ್ಟು ದೊಡ್ಡ ಹರಿವು ಹಿಂದೆಂದೂ ಇರಲಿಲ್ಲ.

ಹರಿವು ದೊಡ್ಡದಾದರೂ ಕಾಲುವೆ ಕಿರಿದು. 2021ರ ಜನವರಿಯಲ್ಲಿ ಬಂದ ತಿದ್ದುಪಡಿ ನಿಯಮಗಳು ವರ್ಷದೊಳಗೆ ಖರ್ಚಾಗದ ಹಣವನ್ನು, ಅದು ಮುಂದುವರಿಯುವ ಯೋಜನೆಗೆ ಸೇರಿದ್ದಲ್ಲವಾದರೆ, ಆರು ತಿಂಗಳೊಳಗೆ ಪ್ರಧಾನ ಮಂತ್ರಿಯವರ ಪರಿಹಾರ ನಿಧಿಯಂತಹ ಅನುಸೂಚಿತ ನಿಧಿಗೆ ವರ್ಗಾಯಿಸಬೇಕೆಂಬ ಕಟ್ಟಳೆಯನ್ನು ಬಿಗಿಗೊಳಿಸಿದವು. ಪರಿಣಾಮವನ್ನು ಈ ಕ್ಷೇತ್ರದಲ್ಲಿರುವ ಯಾರನ್ನು ಕೇಳಿದರೂ ಹೇಳುತ್ತಾರೆ: ಫೆಬ್ರುವರಿಯವರೆಗೆ ಮೌನವಾಗಿದ್ದ ಕಂಪನಿಗಳು ಮಾರ್ಚ್ 31ರೊಳಗೆ ಖರ್ಚು ತೋರಿಸಿ ಎಂದು ಅವಸರಿಸುತ್ತವೆ, ಮುಂದಿನ ಕಂತು ಮಳೆಗಾಲ ಕಳೆದ ಮೇಲೆ ಬರುತ್ತದೆ. ಮೂಲನಿಧಿಗೆ, ಅಂದರೆ ಕಾರ್ಪಸ್‌ಗೆ, ಕೊಟ್ಟ ಹಣವನ್ನು ಸಿಎಸ್‌ಆರ್ ಎಂದು ಪರಿಗಣಿಸುವುದನ್ನೂ ಅದೇ ತಿದ್ದುಪಡಿಯ ದಿನಾಂಕದಿಂದ ನಿಲ್ಲಿಸಲಾಯಿತು. ಕಂಪನಿಗಳು ಬಹಳವಾಗಿ ತಪ್ಪು ತಿಳಿದುಕೊಂಡಿರುವ ಶೇ 5ರ ಆಡಳಿತ ವೆಚ್ಚದ ಮಿತಿ ಇರುವುದೂ ಈ ನಿಯಮಗಳಲ್ಲೇ. ನಿಯಮವನ್ನು ಓದಿದರೆ ಅದು ಹೇಳುವುದು, ಕಂಪನಿಯು ತನ್ನ ಸಿಎಸ್‌ಆರ್ ವಿಭಾಗವನ್ನು ನಡೆಸಲು ಮಾಡುವ ಖರ್ಚಿನ ಬಗ್ಗೆ. ಯೋಜನೆಯನ್ನು ಜಾರಿಗೊಳಿಸುವ ಸಂಸ್ಥೆಯ ನಿರ್ವಹಣಾ ವೆಚ್ಚ ಆ ವ್ಯಾಖ್ಯೆಯೊಳಗೆ ಬರುವುದಿಲ್ಲವೆಂದು ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯ 2021ರ ಆಗಸ್ಟ್‌ನಲ್ಲಿ ಸ್ಪಷ್ಟಪಡಿಸಿತು. ಆದರೂ ಅನೇಕ ಕಂಪನಿಗಳು ಅದೇ ಶೇ 5ನ್ನು ಸಂಸ್ಥೆಗಳ ಮೇಲೆ ಹೇರುತ್ತವೆ. ಕೆಲವರು ತಿಳಿಯದೆ ಹೇರುತ್ತಾರೆ; ಇನ್ನು ಕೆಲವರಿಗೆ ತಿಳಿದಿದ್ದೂ ಇದು ಅನುಕೂಲ.

ವಿದೇಶಿ ದೇಣಿಗೆಯ ಕಡೆ ನೋಡಿದರೆ ಅಲ್ಲಿ ತಪ್ಪು ತಿಳಿವಳಿಕೆಗೆ ಎಡೆಯಿಲ್ಲ. 2020ರ ಸೆಪ್ಟೆಂಬರ್‌ನಲ್ಲಿ ವಿದೇಶಿ ವಂತಿಗೆ ನಿಯಂತ್ರಣ ಕಾಯ್ದೆಗೆ (ಎಫ್‌ಸಿಆರ್‌ಎ) ತಂದ ತಿದ್ದುಪಡಿ ಆಡಳಿತ ವೆಚ್ಚದ ಮಿತಿಯನ್ನು ಶೇ 50ರಿಂದ ಶೇ 20ಕ್ಕೆ ಇಳಿಸಿತು; ಎಲ್ಲ ವಿದೇಶಿ ಹಣವೂ ಮೊದಲು ಸ್ಟೇಟ್ ಬ್ಯಾಂಕಿನ ನವದೆಹಲಿ ಮುಖ್ಯ ಶಾಖೆಯ ಖಾತೆಗೇ ಬರಬೇಕೆಂದಿತು; ಒಂದು ಸಂಸ್ಥೆ ಪಡೆದ ವಿದೇಶಿ ಹಣವನ್ನು ಇನ್ನೊಂದು ಸಂಸ್ಥೆಗೆ ವರ್ಗಾಯಿಸುವುದನ್ನು ಪೂರ್ತಿ ನಿಷೇಧಿಸಿತು. ಸುಪ್ರೀಂ ಕೋರ್ಟ್ 2022ರ ಏಪ್ರಿಲ್‌ನಲ್ಲಿ ಈ ತಿದ್ದುಪಡಿಗಳನ್ನು ಎತ್ತಿಹಿಡಿಯಿತು. ಈವರೆಗೆ ರದ್ದಾದ ಎಫ್‌ಸಿಆರ್‌ಎ ನೋಂದಣಿಗಳ ಸಂಖ್ಯೆ 20 ಸಾವಿರ ದಾಟಿದೆ. ದುರುಪಯೋಗ ತಡೆಯುವುದು ಸರ್ಕಾರದ ಕರ್ತವ್ಯ ಎಂಬುದರಲ್ಲಿ ತಕರಾರಿಲ್ಲ. ಆದರೆ ಹಣ ವರ್ಗಾವಣೆಯ ಮೇಲಿನ ನಿಷೇಧದ ಪೆಟ್ಟು ಯಾರಿಗೆ ಬಿತ್ತು ಎಂಬುದನ್ನು ನೋಡಬೇಕು. ಇಂಗ್ಲಿಷಿನಲ್ಲಿ ಪ್ರಸ್ತಾವ ಬರೆಯಲಾಗದ, ಪ್ರತ್ಯೇಕ ಲೆಕ್ಕಿಗನನ್ನು ಇಟ್ಟುಕೊಳ್ಳಲಾಗದ ಹಳ್ಳಿಗಾಡಿನ ಸಣ್ಣ ಸಂಸ್ಥೆಗಳು ವಿದೇಶಿ ದಾನಿಯನ್ನು ನೇರವಾಗಿ ಮುಟ್ಟುತ್ತಿರಲಿಲ್ಲ. ಬೆಂಗಳೂರಿನ ಅಥವಾ ದೆಹಲಿಯ ದೊಡ್ಡ ಸಂಸ್ಥೆಯೊಂದು ಹಣ ಪಡೆದು, ಲೆಕ್ಕದ ಹೊಣೆ ಹೊತ್ತು, ಇವರಿಗೆ ಹಂಚುತ್ತಿತ್ತು. ಆ ಸೇತುವೆ ಈಗಿಲ್ಲ.

ಸಿಎಸ್‌ಆರ್ ಆ ಜಾಗವನ್ನು ತುಂಬಬಹುದಿತ್ತು, ತುಂಬಲಿಲ್ಲ. ಕಂಪನಿಯ ಸುತ್ತಲಿನ ಸ್ಥಳೀಯ ಪ್ರದೇಶಕ್ಕೆ ಆದ್ಯತೆ ಕೊಡಬೇಕೆಂದು ಕಾಯ್ದೆಯೇ ಹೇಳುವುದರಿಂದ, ಕಾರ್ಖಾನೆಗಳೂ ಮುಖ್ಯ ಕಚೇರಿಗಳೂ ಇರುವಲ್ಲಿ ಹಣ ಸುತ್ತುತ್ತದೆ. ಬೆಂಗಳೂರಿನ ಒಂದೇ ಕೆರೆಯ ಪುನಶ್ಚೇತನಕ್ಕೆ ಪ್ರಾಯೋಜಕರು ಸಿಗುವಷ್ಟು ಸುಲಭವಾಗಿ ಯಾದಗಿರಿಯ ಅಥವಾ ರಾಯಚೂರಿನ ಗುಳೆ ಹೋಗುವ ಕುಟುಂಬಗಳ ಮಕ್ಕಳ ಶಿಕ್ಷಣಕ್ಕೆ ಸಿಗುವುದಿಲ್ಲ. ಅಲ್ಲಿ ಕಂಪನಿಗಳು ಕಡಿಮೆ, ಕೆಲಸ ನಿಧಾನ, ಫೋಟೊಗೆ ಒದಗುವ ಫಲವೂ ವಿರಳ.

ತಂತ್ರವನ್ನು ಚೆನ್ನಾಗಿ ಮಾಡಿದ ಉದಾಹರಣೆಯೂ ಕರ್ನಾಟಕದಲ್ಲಿದೆ, ಮತ್ತು ಅದರಿಂದ ಕಲಿಯುವುದು ಬಹಳವಿದೆ. ಗೇಟ್ಸ್ ಫೌಂಡೇಶನ್ 2003ರಲ್ಲಿ ಆರಂಭಿಸಿದ ಆವಾಹನ್ ಎಂಬ ಎಚ್‌ಐವಿ ತಡೆ ಕಾರ್ಯಕ್ರಮ ನಡೆದ ಆರು ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಅದೇ ವರ್ಷ ಕೆನಡಾದ ಮ್ಯಾನಿಟೋಬಾ ವಿಶ್ವವಿದ್ಯಾಲಯ ಮತ್ತು ರಾಜ್ಯದ ಏಡ್ಸ್ ನಿಯಂತ್ರಣ ಸಂಸ್ಥೆ ಸೇರಿ ಸ್ಥಾಪಿಸಿದ ಕರ್ನಾಟಕ ಹೆಲ್ತ್ ಪ್ರಮೋಷನ್ ಟ್ರಸ್ಟ್ ಇಲ್ಲಿನ ಕೆಲಸವನ್ನು ಮುನ್ನಡೆಸಿತು. ಹಣದ ಹರಿವು ದೀರ್ಘಕಾಲದ್ದಾಗಿತ್ತು. ಕ್ಲಿನಿಕ್ಕು, ಕಾಂಡೋಮು ಮಾತ್ರವಲ್ಲದೆ ಲೈಂಗಿಕ ಕಾರ್ಯಕರ್ತೆಯರು ತಮ್ಮದೇ ಸಂಘಟನೆ ಕಟ್ಟಿಕೊಳ್ಳುವುದಕ್ಕೂ, ಪೊಲೀಸರ ದೌರ್ಜನ್ಯದ ವಿರುದ್ಧ ನಿಲ್ಲುವುದಕ್ಕೂ ಬೆಂಬಲ ಸಿಕ್ಕಿತು. ಮೈಸೂರಿನ ಆಶೋದಯ ಸಮಿತಿ ಇಂತಹ ಸಂಘಟನೆಗಳಲ್ಲಿ ಹೆಸರು ಮಾಡಿದ್ದು. ಕಾರ್ಯಕ್ರಮದ ಮೊದಲ ಐದು ವರ್ಷಗಳಲ್ಲಿ ಸುಮಾರು 1 ಲಕ್ಷ ಹೊಸ ಸೋಂಕುಗಳು ತಪ್ಪಿರಬಹುದೆಂದು 2011ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನ ಅಂದಾಜಿಸಿತು.

ದಾನಿ ಹೊರಡುವ ರೀತಿಯನ್ನೂ ಇಲ್ಲಿ ಮೊದಲೇ ಯೋಚಿಸಿದ್ದರು. 2009, 2011 ಮತ್ತು 2012ರ ಮೂರು ಹಂತಗಳಲ್ಲಿ, ಮೊದಲು ಹತ್ತರಲ್ಲೊಂದು ಪಾಲು, ಆಮೇಲೆ ಐದರಲ್ಲೊಂದು, ಕೊನೆಗೆ ಉಳಿದದ್ದು ಎಂಬಂತೆ ಕಾರ್ಯಕ್ರಮವನ್ನು ಸರ್ಕಾರದ ಏಡ್ಸ್ ನಿಯಂತ್ರಣ ವ್ಯವಸ್ಥೆಗೆ ಒಪ್ಪಿಸಲಾಯಿತು. ಹಸ್ತಾಂತರಕ್ಕೆ ಮುಂಚೆಯೇ ಖರ್ಚನ್ನು ಸರ್ಕಾರಿ ಮಾನದಂಡಕ್ಕೆ ಇಳಿಸಬೇಕಾಯಿತು. ಹೀಗೆ ಇಳಿಸುವಾಗ ಕ್ಲಿನಿಕ್ಕಿನ ಸಾಲು ಬಜೆಟ್ಟಿನಲ್ಲಿ ಉಳಿಯುತ್ತದೆ. ಸಂಘಟನೆ ಕಟ್ಟುವ, ಜನರನ್ನು ಒಟ್ಟುಗೂಡಿಸುವ, ಕಾನೂನು ನೆರವು ಕೊಡುವ ಸಾಲುಗಳಿಗೆ ಕತ್ತರಿ ಬೀಳುವುದು ಸುಲಭ. ಸೇವೆಯನ್ನು ಸರ್ಕಾರಕ್ಕೆ ಒಪ್ಪಿಸಬಹುದು. ಸೇವೆಯನ್ನು ಸಾಧ್ಯವಾಗಿಸಿದ ಸಂಘಟನೆಯನ್ನು ಯಾರಿಗೆ ಒಪ್ಪಿಸುವುದು ಎಂಬ ಪ್ರಶ್ನೆಗೆ, ಇಷ್ಟು ಮುಂದಾಲೋಚನೆಯಿದ್ದ ಕಾರ್ಯಕ್ರಮವೂ ಪೂರ್ಣ ಉತ್ತರ ಕೊಡಲಿಲ್ಲವೆಂದೇ ನನ್ನ ಅಭಿಪ್ರಾಯ.

ತಂತ್ರದೊಂದಿಗೆ ಕೊಡುವವರ ಧಾರ್ಮಿಕ ನಂಬಿಕೆಯೂ ಬರುತ್ತದೆ ಎಂಬುದನ್ನು ಇಲ್ಲಿಯೇ ಸೇರಿಸಬೇಕು. ಬೆಂಗಳೂರಿನಲ್ಲಿ 2000ದಲ್ಲಿ ಆರಂಭವಾದ ಅಕ್ಷಯ ಪಾತ್ರ ಬಿಸಿಯೂಟದ ಸಾಮರ್ಥ್ಯದಲ್ಲಿ ದೇಶಕ್ಕೇ ಮಾದರಿಯೆನಿಸಿದ ಸಂಸ್ಥೆ. ಅದೇ ಸಂಸ್ಥೆ 2018-19ರಲ್ಲಿ ಊಟಕ್ಕೆ ಈರುಳ್ಳಿ, ಬೆಳ್ಳುಳ್ಳಿ ಬಳಸಲು ಒಪ್ಪದೆ ರಾಜ್ಯದಲ್ಲಿ ದೊಡ್ಡ ವಾದಕ್ಕೆ ಕಾರಣವಾಯಿತು. ಪೌಷ್ಟಿಕಾಂಶದ ಮಟ್ಟ ತೃಪ್ತಿಕರವಾಗಿದೆಯೆಂದು ಪ್ರಯೋಗಾಲಯಗಳು ಹೇಳಿದವು. ಮಕ್ಕಳಿಗೆ ತಮ್ಮ ಮನೆಯ ರುಚಿ ಬೇಡವೇ ಎಂದು ಆಹಾರ ಹಕ್ಕಿನ ಕಾರ್ಯಕರ್ತರು ಕೇಳಿದರು. ಯಾರು ಸರಿ ಎಂಬ ತೀರ್ಪು ಇಲ್ಲಿ ಬೇಕಿಲ್ಲ. ಸಾರ್ವಜನಿಕ ಯೋಜನೆಯೊಂದರ ಪಾಲುದಾರರಿಗೆ ಹಣದ ಜೊತೆ ಊಟದ ಪಟ್ಟಿ ನಿರ್ಧರಿಸುವ ಅಧಿಕಾರವೂ ಎಷ್ಟರಮಟ್ಟಿಗೆ ಸಿಗಬೇಕು ಎಂಬುದು ಒಪ್ಪಂದಕ್ಕೆ ಮೊದಲೇ ಇತ್ಯರ್ಥವಾಗಬೇಕಾದ ವಿಷಯ.

ನಮ್ಮ ನಾಡಿನ ಹಳೆಯ ದತ್ತಿಗಳು ಬೇರೆ ದಾರಿ ಹಿಡಿದಿದ್ದವು. 1906ರಲ್ಲಿ ತೀರಿಕೊಂಡ ಶಿರಸಂಗಿಯ ಲಿಂಗರಾಜ ದೇಸಾಯಿಯವರು ತಮ್ಮ ಸಂಸ್ಥಾನದ ಆಸ್ತಿಯನ್ನು ಶಿಕ್ಷಣಕ್ಕೆಂದು ಬರೆದಿಟ್ಟರು. ಅವರ ಹೆಸರಿನ ಟ್ರಸ್ಟ್ ತಲೆಮಾರುಗಳ ವಿದ್ಯಾರ್ಥಿಗಳನ್ನು ಓದಿಸಿತು. ಗುಬ್ಬಿ ತೋಟದಪ್ಪನವರು ಬೆಂಗಳೂರಿನ ರೈಲು ನಿಲ್ದಾಣದ ಬಳಿ ಕಟ್ಟಿಸಿದ ಛತ್ರ ಪ್ರಯಾಣಿಕರಿಗೆ ಆಶ್ರಯವಾಯಿತು, ಅವರ ಧರ್ಮಸಂಸ್ಥೆ ವಿದ್ಯಾರ್ಥಿಗಳ ಊಟ ವಸತಿಯನ್ನೂ ನೋಡಿಕೊಂಡಿತು. ಭಾರತೀಯ ವಿಜ್ಞಾನ ಸಂಸ್ಥೆಗಾಗಿ ಜೆಮ್‌ಶೆಟ್‌ಜಿ ಟಾಟಾ ಮುಂಬಯಿಯ ತಮ್ಮ ಕಟ್ಟಡ ಮತ್ತು ಭೂಮಿಯನ್ನು ಎತ್ತಿಟ್ಟರು, ಮೈಸೂರು ಸಂಸ್ಥಾನ 371 ಎಕರೆ ಜಮೀನು ಕೊಟ್ಟಿತು. 1909ರಲ್ಲಿ ಸಂಸ್ಥೆ ಅಸ್ತಿತ್ವಕ್ಕೆ ಬಂತು. ಈ ದಾನಿಗಳು ಮೂರು ತಿಂಗಳಿಗೊಮ್ಮೆ ವರದಿ ಕೇಳಲಿಲ್ಲ, ಟಾಟಾ ಅವರಂತೂ ತಮ್ಮ ಸಂಸ್ಥೆ ತೆರೆಯುವುದನ್ನೂ ನೋಡಲಿಲ್ಲ. ಆದಾಯ ಹುಟ್ಟುವ ಆಸ್ತಿಯನ್ನು ಕೊಟ್ಟು, ಅದನ್ನು ಹೇಗೆ ಬಳಸಬೇಕೆಂಬುದನ್ನು ಮುಂದಿನವರ ವಿವೇಕಕ್ಕೆ ಬಿಟ್ಟರು. ಇದರಲ್ಲಿ ದೋಷಗಳಿರಲಿಲ್ಲವೆಂದಲ್ಲ. ಅನೇಕ ದತ್ತಿಗಳು ಒಂದೇ ಸಮುದಾಯದ ಒಳಗೆ ಉಳಿದವು, ಕೆಲವು ವ್ಯಾಜ್ಯದಲ್ಲಿ ಕರಗಿದವು, ಇನ್ನು ಕೆಲವನ್ನು ಧರ್ಮದರ್ಶಿಗಳೇ ನುಂಗಿದರು. ಆದರೆ ಉಳಿದವು ನೂರು ವರ್ಷ ಉಳಿದಿವೆ.

ಇಂದಿನ ಸ್ವಯಂಸೇವಾ ಸಂಸ್ಥೆಗೆ ಅಂತಹ ಮೂಲನಿಧಿಯನ್ನು ಕೂಡಿಹಾಕುವುದು ಕಾಯ್ದೆಯ ದೃಷ್ಟಿಯಿಂದಲೇ ಕಷ್ಟ. ಸಿಎಸ್‌ಆರ್ ಹಣವನ್ನು ಅದಕ್ಕೆ ಹಾಕುವಂತಿಲ್ಲ. ಆದಾಯ ತೆರಿಗೆಯ ವಿನಾಯಿತಿ ಬೇಕಾದರೆ ವರ್ಷದ ಆದಾಯದ ಶೇ 85ನ್ನು ಸಾಮಾನ್ಯವಾಗಿ ಅದೇ ವರ್ಷ ಉದ್ದೇಶಕ್ಕೆ ಬಳಸಬೇಕು. ಉಳಿದ ಶೇ 15ನ್ನು ಕೂಡಿಡಬಹುದು ಎಂದು ಕಾನೂನು ಹೇಳಿದರೂ, ಯೋಜನೆಯ ಹಣದಲ್ಲಿ ಉಳಿದದ್ದನ್ನು ಹಿಂದಿರುಗಿಸಬೇಕೆಂದು ದಾನಿಯ ಕರಾರು ಹೇಳುತ್ತದೆ. ಒಂದು ಟ್ರಸ್ಟ್ ಇನ್ನೊಂದರ ಮೂಲನಿಧಿಗೆ ಕೊಟ್ಟರೆ ಅದು ಕೊಟ್ಟವರ ಲೆಕ್ಕದಲ್ಲಿ ಬಳಕೆಯೆನಿಸುವುದಿಲ್ಲ. 2023ರ ಹಣಕಾಸು ಕಾಯ್ದೆಯ ಬಳಿಕ ಸಾಮಾನ್ಯ ದೇಣಿಗೆ ಕೊಟ್ಟರೂ ಶೇ 85ರಷ್ಟು ಮಾತ್ರ ಬಳಕೆಯೆಂದು ಲೆಕ್ಕ. ಒಂದೊಂದಾಗಿ ನೋಡಿದರೆ ಪ್ರತಿ ನಿಯಮಕ್ಕೂ ತೆರಿಗೆ ತಪ್ಪಿಸುವವರನ್ನು ಹಿಡಿಯುವ ಕಾರಣವಿದೆ. ಎಲ್ಲವನ್ನೂ ಕೂಡಿಸಿದಾಗ, ಪ್ರಾಮಾಣಿಕ ಸಂಸ್ಥೆಯೊಂದು ಆರು ತಿಂಗಳ ಸಂಬಳವನ್ನು ಕೈಯಲ್ಲಿಟ್ಟುಕೊಳ್ಳುವುದೇ ಸಾಹಸವಾಗುತ್ತದೆ. 2020ರ ಲಾಕ್‌ಡೌನ್ ಸಮಯದಲ್ಲಿ ವಲಸೆ ಕಾರ್ಮಿಕರಿಗೆ ಊಟ, ರೇಷನ್ ತಲುಪಿಸಲು ಎಲ್ಲರಿಗಿಂತ ಮುಂದೆ ಓಡಿದ ಸಂಸ್ಥೆಗಳಿಗೇ ತಮ್ಮ ಸಿಬ್ಬಂದಿಗೆ ಸಂಬಳ ಕೊಡುವುದು ಕಷ್ಟವಾದದ್ದು ಇದೇ ಕಾರಣಕ್ಕೆ.

ಇಲ್ಲೊಂದು ವಿರೋಧಾಭಾಸವಿದೆ. ದೇಶದ ಅತ್ಯಂತ ತಾಳ್ಮೆಯ ದಾನಿಗಳು ತಾಳ್ಮೆಯಿಂದಿರಲು ಸಾಧ್ಯವಾಗಿರುವುದು ಅವರ ಬಳಿ ಮೂಲನಿಧಿ ಇರುವುದರಿಂದ. ಅಜೀಂ ಪ್ರೇಮ್‌ಜಿಯವರು 2019ರಲ್ಲಿ ವಿಪ್ರೊದ ಮತ್ತಷ್ಟು ಷೇರುಗಳ ಆದಾಯವನ್ನು ಮುಡಿಪಾಗಿಟ್ಟಾಗ ಅವರ ಒಟ್ಟು ದತ್ತಿಯ ಮೌಲ್ಯ ಸುಮಾರು 1.45 ಲಕ್ಷ ಕೋಟಿ ರೂಪಾಯಿಯೆಂದು ಪ್ರಕಟಿಸಲಾಯಿತು. ಅಷ್ಟು ದೊಡ್ಡ ಆಧಾರವಿದ್ದುದರಿಂದಲೇ ಆ ಫೌಂಡೇಶನ್ ಸರ್ಕಾರಿ ಶಾಲಾ ಶಿಕ್ಷಕರ ಜೊತೆ ಎರಡು ದಶಕಗಳಿಗೂ ಮೀರಿ, ಫಲ ನಿಧಾನವಾದರೂ ಬಿಡದೆ, ಕೆಲಸ ಮಾಡಲು ಸಾಧ್ಯವಾಗಿದೆ. ಸಂಸ್ಥೆಗೆ ಸ್ವಂತ ಬುಡವಿದ್ದರೆ ಏನಾಗುತ್ತದೆ ಎಂಬುದನ್ನು ದಾನಿಗಳ ಬದುಕೇ ತೋರಿಸುತ್ತಿರುವಾಗ, ಅದೇ ಬುಡವನ್ನು ತಮ್ಮಿಂದ ಹಣ ಪಡೆಯುವವರಿಗೆ ನಿರಾಕರಿಸುವುದು ತರ್ಕಕ್ಕೆ ನಿಲ್ಲುವುದಿಲ್ಲ.

ಬೇರೆ ರೀತಿಯಲ್ಲಿ ಕೊಟ್ಟು ನೋಡಿದವರೂ ಇದ್ದಾರೆ. ಅಮೆರಿಕದ ಮೆಕೆಂಝಿ ಸ್ಕಾಟ್ 2020ರಿಂದೀಚೆಗೆ 1,900 ಕೋಟಿ ಡಾಲರಿಗೂ ಹೆಚ್ಚು ಹಣವನ್ನು, ಬಹುಪಾಲು ಯಾವ ಷರತ್ತೂ ಇಲ್ಲದೆ, ಹಂಚಿದ್ದಾರೆ. 2021ರಲ್ಲಿ ಪಡೆದ ಭಾರತೀಯ ಸಂಸ್ಥೆಗಳಲ್ಲಿ ಗೂಂಜ್ ಹಾಗೂ ಬೆಂಗಳೂರಿನ ದಿ ನಡ್ಜ್ ಸೇರಿವೆ. ಒಮ್ಮೆಲೇ ಬಂದ ದೊಡ್ಡ ಮೊತ್ತ ಖರ್ಚಾದ ಮೇಲೆ ಸಂಸ್ಥೆಗಳು ಮುಗ್ಗರಿಸುತ್ತವೆ ಎಂಬ ಭಯ ವ್ಯಾಪಕವಾಗಿತ್ತು. ಪಡೆದ ಸಂಸ್ಥೆಗಳನ್ನು ವರ್ಷಗಳ ಕಾಲ ಹಿಂಬಾಲಿಸಿದ ಅಮೆರಿಕದ ಅಧ್ಯಯನ ಆ ಭಯಕ್ಕೆ ದೊಡ್ಡ ಆಧಾರ ಕಾಣಲಿಲ್ಲ. ಭಾರತದಲ್ಲಿ ಎಡೆಲ್‌ಗಿವ್ ಫೌಂಡೇಶನ್ 2021ರಲ್ಲಿ ಹಲವು ದಾನಿಗಳನ್ನು ಸೇರಿಸಿ 100 ಕೋಟಿ ರೂಪಾಯಿಯ ಗ್ರೋ ಫಂಡ್ ಆರಂಭಿಸಿ, 100 ತಳಮಟ್ಟದ ಸಂಸ್ಥೆಗಳಿಗೆ ಎರಡು ವರ್ಷ ಅವುಗಳ ಮೂಲ ಖರ್ಚಿಗೇ ನೆರವು ನೀಡಿತು. ಮೊತ್ತ ಸಣ್ಣದು; ಸಿಎಸ್‌ಆರ್‌ನ ಒಂದು ವರ್ಷದ ಹರಿವಿನ ಮುಂದೆ ಲೆಕ್ಕಕ್ಕೇ ಬಾರದು. ಆದರೂ ಆಡಳಿತ ವೆಚ್ಚವೆಂದರೆ ಅಪರಾಧ ಎಂಬ ಭಾವನೆಯನ್ನು ದಾನಿಗಳೇ ಮುರಿದದ್ದು ಅದರ ಮಹತ್ವ.

ಸ್ವಯಂಸೇವಾ ಸಂಸ್ಥೆಗಳು ಷೇರುಪೇಟೆಯ ಮೂಲಕ ಸಾರ್ವಜನಿಕರಿಂದ ಹಣ ಎತ್ತಲು ಇರುವ ಸಾಮಾಜಿಕ ಷೇರು ವಿನಿಮಯ ಕೇಂದ್ರದ ಬಗ್ಗೆ ನನಗೆ ಅಷ್ಟು ಉತ್ಸಾಹವಿಲ್ಲ. 2019ರ ಬಜೆಟ್ಟಿನಲ್ಲಿ ಘೋಷಣೆಯಾದ ಈ ವೇದಿಕೆಯಲ್ಲಿ 2023ರ ಡಿಸೆಂಬರ್‌ನಲ್ಲಿ ಮೊದಲು ಲಿಸ್ಟ್ ಆದದ್ದು ಬೆಂಗಳೂರಿನ ಎಸ್‌ಜಿಬಿಎಸ್ ಉನ್ನತಿ ಫೌಂಡೇಶನ್. ಬಡ್ಡಿಯೂ ಇಲ್ಲದ ಅಸಲೂ ಹಿಂದಿರುಗದ ಪತ್ರಗಳ ಮೂಲಕ ಅದು 1.8 ಕೋಟಿ ರೂಪಾಯಿ ಸಂಗ್ರಹಿಸಿತು. ಪಾರದರ್ಶಕತೆಯ ದೃಷ್ಟಿಯಿಂದ ಒಳ್ಳೆಯದೇ. ಆದರೆ ಅಲ್ಲಿಯೂ ಹಣ ನಿರ್ದಿಷ್ಟ ಯೋಜನೆಗೆ ಕಟ್ಟಿಹಾಕಿದ್ದು, ಮತ್ತು ಕನಿಷ್ಠ 50 ಲಕ್ಷ ರೂಪಾಯಿಯ ವಿತರಣೆಗೆ ಬೇಕಾಗುವ ಕಾಗದಪತ್ರದ ಭಾರವನ್ನು ಹೊರಬಲ್ಲ ಸಂಸ್ಥೆ ಆಗಲೇ ಗಟ್ಟಿಯಾಗಿರುತ್ತದೆ. ದುರ್ಬಲರಿಗೆ ಅದು ದೂರದ ಊರು.

ದಾನಿಗಳ ಅಂಜಿಕೆಯನ್ನು ತಳ್ಳಿಹಾಕಿ ಈ ಚರ್ಚೆ ಮುಂದೆ ಸಾಗದು. ಕಾಗದದ ಮೇಲಷ್ಟೇ ಇರುವ ಸಂಸ್ಥೆಗಳು, ಸಿಎಸ್‌ಆರ್ ಹಣವನ್ನು ನಗದಾಗಿ ಹಿಂದಿರುಗಿಸುವ ದಂಧೆ, ಕುಟುಂಬವೇ ಧರ್ಮದರ್ಶಿ ಮಂಡಳಿಯಾಗಿರುವ ಟ್ರಸ್ಟ್‌ಗಳು ಇರುವುದು ಎಲ್ಲರಿಗೂ ತಿಳಿದದ್ದೇ. ಆದರೆ ಆಡಳಿತ ವೆಚ್ಚಕ್ಕೆ ಮಿತಿ ಹಾಕಿದರೆ ಇವರು ಸಿಕ್ಕಿಬೀಳುವುದಿಲ್ಲ. ಸುಳ್ಳು ಬಿಲ್ ಬರೆಯುವವನಿಗೆ ಅದನ್ನು ಯಾವ ಸಾಲಿನಲ್ಲಿ ಬರೆಯಬೇಕೆಂಬುದು ಗೊತ್ತಿರುತ್ತದೆ. ಕಚೇರಿ ಬಾಡಿಗೆಯನ್ನು ತರಬೇತಿ ಸಭಾಂಗಣದ ಬಾಡಿಗೆಯೆಂದು ಬರೆಯಲು ಒತ್ತಾಯಕ್ಕೆ ಒಳಗಾಗುವುದು ನಿಜ ಹೇಳಬಯಸುವ ಸಂಸ್ಥೆ. ಮೋಸವನ್ನು ಹಿಡಿಯುವುದು ಒಳ್ಳೆಯ ಲೆಕ್ಕಪರಿಶೋಧನೆ, ಮತ್ತು ಒಳ್ಳೆಯ ಲೆಕ್ಕಪರಿಶೋಧನೆಯೂ ಒಂದು ಆಡಳಿತ ವೆಚ್ಚ.

ಈಗಿನ ಕಾನೂನಿನ ಒಳಗೇ ಮಾಡಬಹುದಾದದ್ದು ಕಡಿಮೆಯಿಲ್ಲ. ಸಿಎಸ್‌ಆರ್ ನಿಯಮಗಳು ಮುಂದುವರಿಯುವ ಯೋಜನೆಗೆ, ಆರಂಭವಾದ ವರ್ಷವನ್ನು ಬಿಟ್ಟು, ಮೂರು ವರ್ಷಗಳ ಅವಕಾಶ ಕೊಡುತ್ತವೆ. ಅಷ್ಟೂ ಅವಧಿಗೆ ಒಂದೇ ಒಪ್ಪಂದ ಬರೆದು ಕಂತುಗಳ ದಿನಾಂಕ ಖಚಿತಪಡಿಸಿದರೆ ಸಂಸ್ಥೆಯ ಅರ್ಧ ಚಿಂತೆ ಕಳೆಯುತ್ತದೆ. ಸಿಎಸ್‌ಆರ್ ಬಾಧ್ಯತೆ 10 ಕೋಟಿ ಅಥವಾ ಹೆಚ್ಚಿರುವ ಕಂಪನಿಗಳು ದೊಡ್ಡ ಯೋಜನೆಗಳ ಪರಿಣಾಮ ಮೌಲ್ಯಮಾಪನ ಮಾಡಿಸುವುದು ಕಡ್ಡಾಯವಾದ್ದರಿಂದ, ಯೋಜನೆಗೆ ತಗುಲಿದ ನಿಜವಾದ ಪೂರ್ಣ ವೆಚ್ಚವೆಷ್ಟು ಎಂಬುದನ್ನೂ ಅದರಲ್ಲೇ ಕೇಳಬಹುದು. ವೈಯಕ್ತಿಕವಾಗಿ ಕೊಡುವ ಶ್ರೀಮಂತರಿಗೆ ಸಿಎಸ್‌ಆರ್‌ನ ಕಟ್ಟುಪಾಡುಗಳಿಲ್ಲ; ಮೂಲನಿಧಿಗೆ ಕೊಡಲು ಅವರಿಗಿಂತ ಅನುಕೂಲವಿರುವವರು ಬೇರಾರೂ ಇಲ್ಲ. ಇನ್ನು ಶೇ 5ರ ವಿಷಯ. ಸಚಿವಾಲಯದ ಸ್ಪಷ್ಟೀಕರಣ ಬಂದು ವರ್ಷಗಳು ಕಳೆದರೂ ಅನೇಕ ಕಂಪನಿಗಳ ಪ್ರಸ್ತಾವ ನಮೂನೆಯಲ್ಲಿ ಆ ಸಾಲು ಹಾಗೆಯೇ ಉಳಿದಿದೆ. ಅದನ್ನು ತೆಗೆಯಲು ಸಂಸತ್ತು ಸೇರಬೇಕಾಗಿಲ್ಲ, ಕಂಪನಿಯ ಸಿಎಸ್‌ಆರ್ ಸಮಿತಿ ಒಮ್ಮೆ ಸೇರಿದರೆ ಸಾಕು.